ಕರೆಂಟು ಬರೋ ಮೊದಲು, ಚಪ್ಪಲಿ ಮೆಟ್ಟೋ ಮೊದಲು

ಹೋದ ತಿಂಗಳು ಅಣ್ಣನ ಮೊಮ್ಮಗನ ಜಾವಳಕ್ಕೆಂದು ಇಂಡಿಯಿಂದ ಮುದ್ದೇಬಿಹಾಳಕ್ಕೆ ಹೊರಟವಳು ಸಿಂದಗಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಚಹಾ ಕುಡಿಯೋಣವೆಂದು ನಿಲ್ದಾಣದ ಹೊರಗೆ ಬಂದು ಬಜಾರದ ಕಡೆ ನಾಲ್ಕು ಹೆಜ್ಜೆ ಹಾಕಿದೆನೋ ಇಲ್ಲವೋ, ಬಿಸಿ ಕುಸುಬಿ ಎಣ್ಣೆಯ ವಾಸನೆ ಬಂತು. ಯಾವುದೋ ಅಂಗಡಿಯವರು ಗಾಣದಿಂದ ಆಗಷ್ಟೇ ತಂದ ಎಣ್ಣೆಯನ್ನು ಡಬ್ಬಿಗೆ ಸುರಿಯುತ್ತಿದ್ದರು. ಪಕ್ಕದಲ್ಲಿ ಹಿಂಡಿಯ ಚೀಲ. ಅಲ್ಲೇ ನಿಂತುಬಿಟ್ಟೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ವಾಸನೆ ಒಗ್ಗರಣೆಯನ್ನು ನೆನಪಿಸುತ್ತದೆ. ನನಗೆ ಮಾತ್ರ ಒಂದು ಕರಿಹಲಗೆ, ಬಟ್ಟೆ ಹೊದಿಸಿದ ಆರು ಕಂಪ್ಯೂಟರು, ಹೊಸ್ತಿಲಾಚೆ ಸಾಲಾಗಿ ಬಿಟ್ಟ ಹನ್ನೆರಡು ಜೊತೆ ಚಪ್ಪಲಿ ನೆನಪಾಗುತ್ತವೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸಿಂದಗಿಯ ಆ ಬಜಾರದಲ್ಲಿ ಎಣ್ಣೆ ಗಾಣವೊಂದರ ಮೇಲಿನ ಮಾಳಿಗೆಯಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರ್ ಇತ್ತು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಇಳಿಯುವವರು ಇಳಿದ ಮೇಲೆಯೇ ಹತ್ತುವವರು ಹತ್ತಬೇಕು. ಗಾಣ ತಿರುಗಿದರೆ ನಮ್ಮ ನೆಲವೂ ಸಣ್ಣಗೆ ನಡುಗುತ್ತಿತ್ತು. ಮಹಾನವಮಿ ಮುಗಿದ ಮೇಲೆ ಹೆಣ್ಣುಮಕ್ಕಳಿಗೆಂದೇ ಒಂದು ಬ್ಯಾಚು ತೆಗೆದರು. ಹನ್ನೊಂದರಿಂದ ಒಂದರವರೆಗೆ, ಬೇಸಿಕ್ ಎಂಬ ಭಾಷೆಯಲ್ಲಿ ಪ್ರೋಗ್ರಾಮಿಂಗ್. ಅದನ್ನು ಕಲಿಸಲು ನನ್ನನ್ನು ಇಟ್ಟುಕೊಂಡರು.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಊರು ಆಲಮೇಲದ ಆಚೆ, ಭೀಮಾ ದಂಡೆಯ ಹಳ್ಳಿ. ಅಪ್ಪ ಕುರಿ ಕಾಯುವವನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಆಳು ನಾನು. ಬಿಜಾಪುರದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದಿದೆ. ಗಣಿತದಲ್ಲಿ ಒಮ್ಮೆ ನಪಾಸಾದೆ, ಮತ್ತೆ ಕಟ್ಟಿ ಪಾಸಾದೆ, ಆಮೇಲೆ ಆರು ತಿಂಗಳು ಕಂಪ್ಯೂಟರ್ ಕಲಿತೆ. ಯಾರೂ ಕೈಹಿಡಿದು ನಡೆಸಲಿಲ್ಲ. ಹೀಗಾಗಿ ಆ ವಯಸ್ಸಿಗೆ ನನಗೆ ಸೊಕ್ಕೂ ಇತ್ತು. ಓದಿದ ಮೇಲೆ ಹಳೆಯದೆಲ್ಲ ಬಿಡಬೇಕು, ಬಿಡದವರು ದಡ್ಡರು ಅಂತ ತಿಳಿದುಕೊಂಡಿದ್ದೆ.

ಪಾಠ ಶುರುವಾದ ಮೊದಲ ದಿನವೇ ಒಂದು ಸಂಗತಿ ಗೊತ್ತಾಯಿತು. ಕರೆಂಟು ಬರುವುದು ಹನ್ನೊಂದೂ ಇಪ್ಪತ್ತಕ್ಕೆ. ಒಂದಕ್ಕೆ ಸರಿಯಾಗಿ ಹೋಗುತ್ತದೆ. ತಾನಾಗಿ ಹೋದರೆ ಮಷಿನು ಕೆಡುತ್ತವೆಂದು ಸೆಂಟರಿನ ಮಾಲಕರು ಹನ್ನೆರಡೂ ಮುಕ್ಕಾಲಕ್ಕೇ ಮೇನ್ ಇಳಿಸಿಬಿಡುತ್ತಿದ್ದರು. ಅಂದರೆ ಮೊದಲ ಇಪ್ಪತ್ತು ನಿಮಿಷ, ಕೊನೆಯ ಹದಿನೈದು ನಿಮಿಷ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಮೊದಲ ವಾರ ಹುಡುಗಿಯರು ಆ ಹೊತ್ತಿನಲ್ಲಿ ಕಿಟಕಿಯಿಂದ ಬಜಾರ ನೋಡಿದರು. ನನಗೆ ಹೊಟ್ಟೆ ಉರಿಯಿತು. ನನ್ನ ಕಾಲೇಜಿನ ದಿನಗಳಲ್ಲಿ ಅಂಥ ಇಪ್ಪತ್ತು ನಿಮಿಷ ಸಿಕ್ಕಿದ್ದರೆ ಗಣಿತದಲ್ಲಿ ನಪಾಸಾಗುತ್ತಿರಲಿಲ್ಲ.

ಆಟಗಳು ಹುಟ್ಟಿದ್ದು ಹೀಗೆ. ಪುಸ್ತಕದಲ್ಲಿ ಓದಿದ್ದು ಒಂದೆರಡು, ಮಿಕ್ಕಿದ್ದು ಅಲ್ಲೇ ಹೊಂದಿಸಿಕೊಂಡದ್ದು. ಮೊದಲನೆಯದು, ಒಬ್ಬಳು ಕಂಪ್ಯೂಟರ್ ಆಗುವುದು. ಉಳಿದವರು ಒಂದೊಂದೇ ಆಜ್ಞೆ ಕೊಡಬೇಕು. ಅವಳು ಹೇಳಿದಷ್ಟೇ ಮಾಡಬೇಕು, ಹೇಳದ್ದನ್ನು ಮಾಡಬಾರದು. ಆವತ್ತು ಕಂಪ್ಯೂಟರ್ ಆಗಲು ಎದ್ದು ಬಂದವಳು ಗುರುಬಾಯಿ.

ಗುರುಬಾಯಿಗೆ ಆಗ ಮೂವತ್ತರ ಆಸುಪಾಸು. ಆಲಮೇಲ ರಸ್ತೆಯ ಒಂದು ಹಳ್ಳಿಯಿಂದ ಹತ್ತರ ಬಸ್ಸಿಗೆ ಬರುತ್ತಿದ್ದಳು. ಇಬ್ಬರು ಮಕ್ಕಳು. ಗಂಡನದು ಊರಲ್ಲೇ ಹಿಟ್ಟಿನ ಗಿರಣಿ. ಎಸ್ಸೆಸ್ಸೆಲ್ಸಿ ಪಾಸಾಗಿ ಹದಿಮೂರು ವರ್ಷವಾದ ಮೇಲೆ ಮತ್ತೆ ಪಾಟಿಚೀಲ ಹಿಡಿದಿದ್ದಳು. ಉಳಿದವರೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು, ಲಗ್ನವಾದವರು ಮೂವರೇ.

"ಮುಂದ ನಡಿ" ಅಂದಳು ಶೈಲಾ. ಅವಳಿಗೂ ಹೊಸದಾಗಿ ಲಗ್ನವಾಗಿತ್ತು, ಬಾಯಿ ಜೋರು. ಗುರುಬಾಯಿ ನಡೆದಳು. ನಡೆದು ಗೋಡೆ ಮುಟ್ಟಿದಳು. ಗೋಡೆ ಮುಟ್ಟಿದ ಮೇಲೂ ನಿಂತಲ್ಲೇ ಕಾಲು ಎತ್ತಿ ಎತ್ತಿ ಇಡುತ್ತಲೇ ಇದ್ದಳು.

"ಯಕ್ಕಾ, ಗ್ವಾಡಿ ಕಾಣಸಂಗಿಲ್ಲೇನ?"

"ನೀ ನಿಂದರು ಅಂದಿಲ್ಲಲ್ಲ ತಂಗಿ" ಅಂದಳು ಗುರುಬಾಯಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಂಪ್ಯೂಟರ್ ಎಂದರೇನು ಎಂದು ನಾನು ಒಂದು ವಾರ ಬಡಿದುಕೊಂಡರೂ ಹೋಗದ ಮಾತು ಆ ಗೋಡೆಯ ಮುಂದೆ ಎಲ್ಲರ ತಲೆಗೂ ಹೋಯಿತು. ಸದ್ದು ಕೇಳಿ ಮಾಲಕರು ಮೇಲೆ ಬಂದರು.

"ಏನ್ರಿ ಟೀಚರ್, ಕುಂಟಬಿಲ್ಲಿ ಆಡಸಾಕತ್ತೀರೇನ?"

"ಕರೆಂಟ್ ಇಲ್ಲಲ್ರಿ ಮಾಲಕರ."

"ಇರಲಾರದಿದ್ರ ಸುಮ್ಮ ಕುಂದರಸ್ರಿ. ಮಂದಿ ಬರೋದು ಮಷಿನ್ ಮುಟ್ಟಾಕ. ಹಿಂಗ ಕುಣದ್ರ ನಾಳಿ ಬಜಾರದಾಗ ನನ್ನ ಮಾರಿ ಹೆಂಗ ತೋರಸ್ಲಿ?"

ನಾನು ಸುಮ್ಮನೆ ಕೂರಿಸಲಿಲ್ಲ. ಕರಿಹಲಗೆಯ ಮೇಲೆ ಐದು ಸಾಲಿನ ಪ್ರೋಗ್ರಾಮು ಬರೆದು ಒಂದು ಸಾಲಿನಲ್ಲಿ ಬೇಕಂತಲೇ ತಪ್ಪು ಇಡುತ್ತಿದ್ದೆ. ಅದು ಸಿಗುವ ತನಕ ಯಾರೂ ಕೀಬೋರ್ಡು ಮುಟ್ಟುವಂತಿಲ್ಲ. ಇನ್ನೊಂದು ದಿನ ಸರಿಯಾದ ಪ್ರೋಗ್ರಾಮೇ ಬರೆದು, ಕರೆಂಟು ಬಂದ ಮೇಲೆ ಪರದೆಯಲ್ಲಿ ಏನು ಕಾಣುತ್ತದೆಂದು ಈಗಲೇ ಪಾಟಿಯ ಮೇಲೆ ಬರೆದು ಬೋರಲು ಹಾಕಿ ಎನ್ನುತ್ತಿದ್ದೆ. ಕರೆಂಟು ಬರುವುದನ್ನು ಆಗ ಎಷ್ಟು ಕಾತರದಿಂದ ಕಾಯುತ್ತಿದ್ದರೆಂದರೆ, ಟ್ಯೂಬ್‌ಲೈಟು ಮಿಣಕ್ ಎಂದರೆ ಸಾಕು, ಹೋ ಎನ್ನುತ್ತಿದ್ದರು.

ಕೊನೆಯ ಹದಿನೈದು ನಿಮಿಷಕ್ಕೆ ಒಂದು ಕಟ್ಟಳೆ ಮಾಡಿದೆ. ಹೊರಗೆ ಹೋಗುವವರು ಹೊಸ್ತಿಲ ಮೇಲೆ ನಿಂತು ಎರಡು ಮಾತು ಹೇಳಬೇಕು: ಇವತ್ತು ತಿಳಿದದ್ದು ಒಂದು, ತಿಳಿಯದ್ದು ಒಂದು. ಹೇಳದೆ ಚಪ್ಪಲಿ ಮೆಟ್ಟುವಂತಿಲ್ಲ. ತಿಳಿಯದ್ದನ್ನು ನಾನು ಮನೆಗೆ ಹೊತ್ತುಕೊಂಡು ಹೋಗಿ ಮರುದಿನದ ಶುರುವಾತು ಅದರಿಂದಲೇ ಮಾಡುತ್ತಿದ್ದೆ.

"ತಿಳದದ್ದ, ಗುಂಡಿ ಒತ್ತಿದ್ರ ಅಕ್ಷರ ಮೂಡತಾವ. ತಿಳೀಲಾರದ್ದ, ಆ ಕೆಳಗಿನ ಗುಂಡಿ ಒಂದ ಅಷ್ಟ ಉದ್ದ ಯಾಕ?" ಇದು ಶೈಲಾ.

"ತಿಳೀಲಾರದ್ದ" ಅಂದಳು ಒಂದು ದಿನ ಗುರುಬಾಯಿ, "ತಪ್ಪ ಮಾಡಿದ್ರ ತಪ್ಪ ಅಂತ ಬೈತೈತಿ ಖರೆ, ಏನ ತಪ್ಪ ಅಂತ ಬಿಚ್ಚಿ ಹೇಳಂಗಿಲ್ಲ. ನಮ್ಮತ್ತಿನೂ ಹಂಗ. ಇಬ್ಬರಿಗೂ ಏನ ಸಂಬಂಧ?"

ನಕ್ಕು ನಕ್ಕು ಶೈಲಾ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಗುರುಬಾಯಿ ಯಾಕೆ ಬಂದಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಊರಿನ ಹೈಸ್ಕೂಲಿನ ಗುಮಾಸ್ತರು ಆ ಬೇಸಿಗೆಗೆ ನಿವೃತ್ತರಾಗುವವರಿದ್ದರು. ಯುಗಾದಿಯ ಒಳಗೆ ಕಂಪ್ಯೂಟರ್ ಸರ್ಟಿಫಿಕೇಟ್ ತಂದರೆ ಆ ಜಾಗಕ್ಕೆ ನಿನ್ನ ಹೆಸರು ಹೇಳುತ್ತೇನೆಂದು ಹೆಡ್‌ಮಾಸ್ತರರು ಅವಳಿಗೆ ಮಾತು ಕೊಟ್ಟಿದ್ದರು. ಪರೀಕ್ಷೆ ಫೆಬ್ರುವರಿಯಲ್ಲಿ, ಬಿಜಾಪುರದಲ್ಲಿ. ಹನ್ನೆರಡು ದಿನಕ್ಕಿಂತ ಹೆಚ್ಚು ಗೈರಾದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲವೆಂಬ ನಿಯಮವಿತ್ತು. ಮಗುವಿಗೆ ಜ್ವರ ಬಂದು ಅವಳದು ಆಗಲೇ ಮೂರು ದಿನ ತಪ್ಪಿತ್ತು.

ಇನ್ನು ನಾನು ಮಾಡಿದ ತಪ್ಪಿನ ಮಾತು.

ಬಿಳಿಜೋಳ ಮೊಳಕಾಲುದ್ದ ಬಂದಿದ್ದ ದಿನಗಳು. ಆವತ್ತಿನ ಪಾಠ ವೇರಿಯೇಬಲ್. ಮೇಜಿನ ಮೇಲೆ ಮೂರು ಖಾಲಿ ಡಬ್ಬಿ ಇಟ್ಟೆ, ಒಂದೊಂದಕ್ಕೂ ಚೀಟಿ ಅಂಟಿಸಿದೆ. ಒಂದರಲ್ಲಿ ನಿಮ್ಮ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು, ಮೂರನೆಯದರಲ್ಲಿ ಲಗ್ನವಾಗದವರು ತಂದೆಯ ಹೆಸರು, ಆದವರು ಗಂಡನ ಹೆಸರು ಬರೆದು ಹಾಕಬೇಕು. ಅರ್ಜಿ ಫಾರಮಿನಲ್ಲಿ ಇರುತ್ತದಲ್ಲ, ಹಾಗೆ. ಆಮೇಲೆ ನಾನು ಡಬ್ಬಿ ಮುಟ್ಟಿ "ಪ್ರಿಂಟ್" ಅಂದಾಗ ಒಳಗಿದ್ದದ್ದನ್ನು ಬಾಯಿಬಿಟ್ಟು ಹೇಳಬೇಕು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಹೇಳಲೇಬೇಕಾಗಿ ಬಂದರೆ, ಮದುವೆಯಲ್ಲೋ ಸೀಮಂತದಲ್ಲೋ, ಒಡಪು, ಅಂದರೆ ಎರಡು ಸಾಲಿನ ಪ್ರಾಸದ ಹಾಡು, ಕಟ್ಟಿ ಅದರ ನಡುವೆ ಹೆಸರನ್ನು ಸೇರಿಸಿ ಹೇಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳು. ನಮ್ಮವ್ವನ ಬಾಯಲ್ಲಿ ಅಪ್ಪನ ಹೆಸರನ್ನು ನಾನೂ ಕೇಳಿದವಳಲ್ಲ. ಆದರೆ ಇದು ಕಂಪ್ಯೂಟರ್ ಕ್ಲಾಸು, ಇಲ್ಲಿ ಅದೆಲ್ಲ ಯಾಕೆ ಅನ್ನಿಸಿತ್ತು.

ಶೈಲಾಳ ಸರದಿ ಬಂತು. ಸೆರಗು ಸರಿಮಾಡಿಕೊಂಡು ರಾಗ ಎಳೆದಳು:

"ಹೊಲದಾಗ ಸಾಲ ಸಾಲ ಕುಸುಬಿ ಹೂ ಕಂಡೆ,
ಈರಣ್ಣರ ಹೆಸರ ಹೇಳಿ ನಾ ಒಳಗ ಬಂದೆ."

ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಕೈ ಎತ್ತಿದೆ. "ಹಾಡು ಬ್ಯಾಡ್ರಿ. ಮಷಿನ್‌ಗೆ ಒಡಪು ತಿಳಿಯಂಗಿಲ್ಲ. ಹೆಸರು ಅಷ್ಟ ಹೇಳ್ರಿ." ಮುಂದೆ ಗುರುಬಾಯಿ. ಅವಳು ಡಬ್ಬಿಯನ್ನೇ ನೋಡುತ್ತ ನಿಂತಳು.

"ಹೇಳ್ರಿ ಗುರುಬಾಯಿ."

"ಬರದ ಹಾಕೇನಿ ನೋಡ್ರಿ ಅಕ್ಕೋರ."

"ಬರದದ್ದು ಇನ್‌ಪುಟ್ ಆತು. ಪ್ರಿಂಟ್ ಅಂದ್ರ ಹೇಳಬೇಕು."

"ನೀವ ಓದರಿ."

"ಇಷ್ಟ ಕಲತವರು ಇದಕ್ಕ ಅಂಜಿದ್ರ ನಾಳಿ ಆಫೀಸಿನ್ಯಾಗ ಹೆಂಗ ಕೆಲಸ ಮಾಡತೀರಿ? ನೀವ ಹೇಳೋತನಕ ನಾ ಮುಂದ ಹೋಗಂಗಿಲ್ಲ."

ಕೊನೆಗೆ ಅವಳು ಆ ಹೆಸರನ್ನು ಅಂದಳು. ನಾನು ಅದನ್ನಿಲ್ಲಿ ಬರೆಯುವುದಿಲ್ಲ. ಯಾರೋ ಕಿಸಕ್ಕನೆ ನಕ್ಕರು. ನಾನು "ಶಾಬಾಸ್" ಅಂದೆ. ಏನೋ ದೊಡ್ಡದನ್ನು ಗೆದ್ದುಬಿಟ್ಟೆ ಅನ್ನುವ ಹಾಗಿತ್ತು ನನಗೆ. ಆವತ್ತು ಹೊಸ್ತಿಲ ಮೇಲೆ ನಿಂತು ಗುರುಬಾಯಿ "ತಿಳದದ್ದ ಏನಿಲ್ರಿ" ಎಂದಷ್ಟೇ ಹೇಳಿ ಇಳಿದು ಹೋದಳು. ನಾನು ಮುಂದಿನವಳ ಕಡೆ ತಿರುಗಿದ್ದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಗುವಿಗೆ ಮತ್ತೆ ಜ್ವರವಿರಬೇಕು ಅಂದುಕೊಂಡೆ. ಒಂದು ವಾರವಾಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರಿನ ಗುರುತು ಸಾಲುಗಟ್ಟಿತು. ಒಂಬತ್ತನೆಯ ದಿನ, ಎಲ್ಲರೂ ಹೋದ ಮೇಲೆ, ಅವಳದೇ ಊರಿನ ಭಾರತಿ ಹೊಸ್ತಿಲ ಮೇಲೆಯೇ ನಿಂತಿದ್ದಳು.

"ಅಕ್ಕೋರ, ನನಗೊಂದ ತಿಳೀಲಾರದ್ದ ಐತಿ."

"ಏನದು?"

"ತಪ್ಪ ನಂದೋ ನಿಮ್ಮದೋ ತಿಳೀವಲ್ದು. ಆವತ್ತ ನಾ ಮನಿಗೆ ಹೋಗಿ, ಗುರುಬಾಯಕ್ಕ ಎಲ್ಲಾರ ಮುಂದ ಹೆಸರ ಅಂದ್ಲು ಅಂತ ನಗಚಾಟಿಗೆ ಹೇಳಿದೆ. ನಮ್ಮವ್ವ ನೀರಿಗೆ ಹೋದಲ್ಲಿ ಹೇಳಿದಳು. ಅದು ಅವರತ್ತಿ ಕಿವಿಗೆ ಹೋತು. ಕ್ಲಾಸ ಬಿಡಿಸ್ಯಾರ್ರಿ." ಅಷ್ಟು ಹೇಳಿ ಅಳತೊಡಗಿದಳು.

ಮೂರು ಮತ್ತು ಒಂಬತ್ತು, ಹನ್ನೆರಡು. ಇನ್ನೊಂದೇ ದಿನ ತಪ್ಪಿದರೆ ಗುರುಬಾಯಿಗೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಆ ಜಾಗವಿಲ್ಲ. ಮರುದಿನ ರವಿವಾರ. ಬೆಳಗಿನ ಬಸ್ಸಿಗೆ ಅವಳ ಊರಿಗೆ ಹೋದೆ.

ಅತ್ತೆ ಚಂದವ್ವ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ಸಿಂದಗಿ ಅಕ್ಕೋರ ನೀನ ಏನವ್ವಾ?"

"ಹೌದ್ರಿ."

"ಲಗ್ನ ಆಗೇತಿ?"

"ಇಲ್ರಿ."

"ಅದಕ್ಕ ಸಸಾರ ಬಿಡು ನಿನಗ. ಮಂದಿ ಗಂಡಂದಿರ ಹೆಸರ ಹೇಳಸಾಕ ನಿನ್ನ ಗಂಟೇನ ಹೋಗತೈತಿ?"

ಒಳಗಿನಿಂದ ಗುರುಬಾಯಿಯ ಗಂಡ ಬಂದ. ಹುಬ್ಬು, ಮೀಸೆ ಎಲ್ಲ ಹಿಟ್ಟು. ನನಗೆ ಕೈ ಮುಗಿದು, ಸಣ್ಣ ದನಿಯಲ್ಲಿ ತಾಯಿಗೆ ಹೇಳಿದ, "ಹೆಸರ ಇಟ್ಟದ್ದ ಕರಿಯಾಕ ಅಲ್ಲೇನ ಯವ್ವಾ?"

"ನಾ ಇಟ್ಟೇನಿ, ನಾ ಕರೀತೇನಿ. ನೀ ಗಿರಣಿಗೆ ನಡಿ."

ಅವನು ನಡೆದ.

ನಾನು ಭಾಷಣ ಶುರುಮಾಡಿದೆ. ಕಾಲ ಬದಲಾಗಿದೆ, ಹೆಣ್ಣುಮಕ್ಕಳು ಓದಬೇಕು, ಇಂಥದ್ದನ್ನೆಲ್ಲ ಹಿಡಿದು ಕೂತರೆ ಮುಂದೆ ಬರುವುದಿಲ್ಲ ಎಂದೆಲ್ಲ. ಚಂದವ್ವ ಮೊರ ಕೆಳಗಿಟ್ಟು ಪೂರಾ ಕೇಳಿದರು.

"ಮುಗೀತ? ಈಗ ನಾ ಹೇಳ್ತೇನಿ ಕೇಳು. ಆಕಿ ಕಲೀಲಿ ಅಂತ ಎರಡ ಕೂಸಿನ ಕುಂಡಿ ತೊಳಕೋಂತ ಮನ್ಯಾಗ ಕುಂತಾಕಿ ನಾನು. ಗಂಡನ ಹೆಸರ ಆಕಿ ತಾನಾಗಿ ಕೂಗ್ತೇನಿ ಅಂದ್ರ ಅಗಸಿ ಮುಂದ ನಿಂತ ಕೂಗಲಿ, ನಂದೇನ ಹೋಗಂಗಿಲ್ಲ. ಆಕಿ ಒಲ್ಲೆ ಅಂದಾಗ, ಹತ್ತ ಮಂದಿ ಮುಂದ ನಿಂದರಿಸಿ, ಬಾಯಿ ಬಿಡೋತನಕ ಬಿಡಂಗಿಲ್ಲ ಅನ್ನೂದು ಯಾವ ಸಾಲ್ಯಾಗ ಕಲಿಸ್ಯಾರ ನಿನಗ?"

ಯಾವ ಶಾಲೆಯಲ್ಲಿ ಎಂಬುದು ನನಗೆ ಗೊತ್ತಿತ್ತು. ಐದನೆಯ ಇಯತ್ತೆಯಲ್ಲಿ ಮಾಸ್ತರರು ನನ್ನನ್ನು ಎದ್ದು ನಿಲ್ಲಿಸಿ ತಂದೆಯ ಉದ್ಯೋಗ ಕೇಳಿದ್ದರು. ನಾನು ಸುಮ್ಮನಿದ್ದೆ. ಹೇಳುವ ತನಕ ಕೂರಬೇಡ ಅಂದಿದ್ದರು. "ಕುರಿ ಕಾಯ್ತಾರ್ರಿ" ಅಂದಾಗ ಹಿಂದಿನ ಸಾಲಿನಿಂದ ಕುರಿಯ ಹಾಗೆ ಒದರಿದ್ದು ನನ್ನ ಕಿವಿಯಲ್ಲಿ ಡಿಗ್ರಿ ಮುಗಿದ ಮೇಲೂ ಇತ್ತು. ಅದಾದ ಮೇಲೆ ಎಲ್ಲ ಫಾರಮಿನಲ್ಲೂ 'ವ್ಯವಸಾಯ' ಎಂದೇ ಬರೆದುಕೊಂಡು ಬಂದವಳು ನಾನು.

"ತಪ್ಪ ನಂದೈತ್ರಿ" ಅಂದೆ. ಬಾಗಿಲ ಮರೆಯಲ್ಲಿ ಗುರುಬಾಯಿ ನಿಂತಿದ್ದಳು. ಅವಳ ಕಡೆ ನೋಡಿ ಮತ್ತೊಮ್ಮೆ ಅಂದೆ. ಅವಳು ಒಳಗೆ ಹೋಗಿ ಚಹಾ ತಂದಳು.

ಚಂದವ್ವ ಮತ್ತೆ ಮೊರ ಎತ್ತಿಕೊಂಡರು. "ಯಾರ ಮಗಳವ್ವಾ ನೀ?"

"ಭೀಮಾ ದಂಡಿಯವ್ರು. ಕುರಿ ಕಾಯವ್ರ ಮಗಳು" ಅಂದೆ.

"ಹಂಗ ಮೊದಲ ಹೇಳಬಾರದ? ನಿಮ್ಮವರ ಕುರಿ ವರ್ಷಾ ಗೊಬ್ಬರಕ್ಕಂತ ನಮ್ಮ ಹೊಲದಾಗ ತರಬತಾವ." ಸ್ವಲ್ಪ ಹೊತ್ತು ಜೋಳ ಕೇರಿ, "ನಾಳಿ ಆಕಿ ಕೂಡ ನಾನೂ ಬರ್ತೇನಿ. ಏನ ಕಲಸ್ತಿ ನೋಡೇ ಬಿಡ್ತೇನಿ" ಅಂದರು.

ಸೋಮವಾರ ಚಂದವ್ವ ಬಂದರು. ಗಂಟು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತರು. ಮಾಲಕರು ಅವರನ್ನು ಕಂಡು ಯಾರೋ ಇನ್‌ಸ್ಪೆಕ್ಟರ್ ಬಂದ ಹಾಗೆ ಕೆಳಗೇ ಉಳಿದರು. ನಾನು ಮತ್ತೆ ಡಬ್ಬಿಗಳನ್ನೇ ತೆಗೆದೆ. ಈ ಸಲ ಎರಡೇ. ಕೆಳಗಿನ ಗಾಣದಿಂದ ಒಂದರಲ್ಲಿ ಕುಸುಬಿ ಎಣ್ಣೆ, ಒಂದರಲ್ಲಿ ಶೇಂಗಾ ಎಣ್ಣೆ ತಂದಿದ್ದೆ. "ಈ ಡಬ್ಬಿದು ಆ ಡಬ್ಬಿಗೆ, ಆ ಡಬ್ಬಿದು ಈ ಡಬ್ಬಿಗೆ ಬರಬೇಕು. ಕೂಡಬಾರದು, ಚೆಲ್ಲಬಾರದು. ಹೆಂಗ ಹೇಳ್ತೀರಿ ಮಷಿನ್‌ಗೆ?"

ಹುಡುಗಿಯರು ತಲೆ ಕೆಡಿಸಿಕೊಂಡರು. ಭಾರತಿ ಎರಡನ್ನೂ ಒಟ್ಟಿಗೆ ಎತ್ತಿ ಅತ್ತಿತ್ತ ಇಟ್ಟಳು. "ಡಬ್ಬಿ ಜಾಗಾ ಬದಲಾತು, ಎಣ್ಣಿ ಅದರಾಗ ಐತಲ್ಲ" ಅಂದೆ. ಶೈಲಾ ಅರ್ಧ ಅರ್ಧ ಸುರಿಯೋಣ ಅಂದಳು. ಐದು ನಿಮಿಷ ಗಲಾಟೆ ನಡೆಯಿತು. ಕಿಟಕಿಯ ಕಡೆಯಿಂದ ದನಿ ಬಂತು:

"ಖಾಲಿ ಡಬ್ಬಿ ಇನ್ನೊಂದ ತರ್ರೇ. ಇದಕ್ಕೇನ ಪಂಚಾಯ್ತಿ?"

ಅವರೇ ಎದ್ದು ಬಂದು, ಸೆರಗು ಸಿಕ್ಕಿಸಿ, ಮೂರನೆಯ ಡಬ್ಬಿ ತರಿಸಿ, ಒಂದು ಹನಿ ಚೆಲ್ಲದೆ ಮಾಡಿ ತೋರಿಸಿದರು. ನಾನು ಅವರು ಮಾಡಿದ್ದನ್ನೇ ಮೂರು ಸಾಲಿನಲ್ಲಿ ಕರಿಹಲಗೆಯ ಮೇಲೆ ಬರೆದೆ. ಕರೆಂಟು ಬಂತು. ಗುರುಬಾಯಿ ಆ ಮೂರು ಸಾಲನ್ನು ಸೇರಿಸಿ ಪ್ರೋಗ್ರಾಮು ಓಡಿಸಿದಳು. ಪರದೆಯಲ್ಲಿ ಎರಡು ಅಂಕಿಗಳು ಜಾಗ ಬದಲಿಸಿದವು. ಚಂದವ್ವ ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ನೋಡಿ, "ಇದ ಏನ, ನಾ ಮಾಡಿದ್ದ?" ಅಂದರು.

"ನೀವ ಮಾಡಿದ್ದ ಅತ್ತಿ."

ಹೋಗುವಾಗ ಅವರೂ 'ತಿಳದದ್ದ, ತಿಳೀಲಾರದ್ದ' ಹೇಳಬೇಕೆಂದು ಹುಡುಗಿಯರು ಹೊಸ್ತಿಲಿಗೆ ಅಡ್ಡ ನಿಂತರು. "ತಿಳದದ್ದ, ಇದಕ್ಕ ತನ್ನ ಬುದ್ಧಿ ಅನ್ನೂದ ಒಂದ ಚೂರೂ ಇಲ್ಲ. ತಿಳೀಲಾರದ್ದ, ಇಂಥಾದ್ದಕ್ಕ ಇಷ್ಟ ಚಂದ ಅರಿವಿ ಹೊಚ್ಚಿ ಯಾಕ ಇಟ್ಟೀರಿ?" ಎಂದು ಚಪ್ಪಲಿ ಮೆಟ್ಟಿಕೊಂಡರು.

ಆವತ್ತಿನಿಂದ ನಾನು ಒಂದು ಬದಲಾವಣೆ ಮಾಡಿದೆ. ಬಾಯಿಬಿಟ್ಟು ಹೇಳಲಾಗದವರು ಚೀಟಿಯಲ್ಲಿ ಬರೆದು ಹಾಕಲೆಂದು ಹೊಸ್ತಿಲ ಪಕ್ಕ ಒಂದು ಡಬ್ಬಿ ಇಟ್ಟೆ. ಹೆಸರು ಬರೆಯುವ ಅಗತ್ಯವಿಲ್ಲ. ಅದೂ ಆಗದಿದ್ದರೆ ಸುಮ್ಮನೆ ಹೋಗಬಹುದು. ಮೊದಲ ದಿನವೇ ಏಳು ಚೀಟಿ ಬಿದ್ದವು. ಅಷ್ಟು ದಿನ ಜೋರಾಗಿ ಮಾತಾಡುತ್ತಿದ್ದ ಶೈಲಾಳ ಅಕ್ಷರದಲ್ಲಿ ಒಂದು ಚೀಟಿ: 'ಮೊದಲನೇ ವಾರದಿಂದ ಏನೂ ತಿಳಿದಿಲ್ಲ, ನಗಿಸಿ ಹೋಗುತ್ತಿದ್ದೇನೆ.' ನಾನು ಕಲಿಸುವುದನ್ನು ಕಲಿತದ್ದು ಆ ಡಬ್ಬಿಯಿಂದ.

ಚಳಿ ಬಂತು. ಎಳ್ಳಮಾವಾಸ್ಯೆಗೆ ಗುರುಬಾಯಿಯ ಮನೆಯಿಂದ ಇಡೀ ಕ್ಲಾಸಿಗೆ ಸಜ್ಜಿಗಡಬು, ಪುಂಡಿಪಲ್ಯ ಬಂದವು. ಹೊಲಗಳಲ್ಲಿ ಕುಸುಬಿ ಹಳದಿಯಾಗಿ ಅರಳಿ ಕೆಂಪಾಗುತ್ತಿತ್ತು. ಗುರುಬಾಯಿ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸುವಂತಿರಲಿಲ್ಲ. ನೆಗಡಿಯಾದರೂ ಬಂದಳು, ಮಗುವನ್ನು ಎತ್ತಿಕೊಂಡೂ ಬಂದಳು. ಎಂಟು ವಾರ ಹಾಗೆ ಹೋಯಿತು.

ಲೂಪ್ ಕಲಿಸುವ ದಿನ ಬಂತು. ಕುರ್ಚಿಗಳನ್ನು ದುಂಡಗೆ ಜೋಡಿಸಿ ಒಂದು ಸಂದಿ ಬಿಟ್ಟೆ. "ಇದು ಕುರಿಹಟ್ಟಿ" ಅಂದೆ. "ನಮ್ಮಪ್ಪ ಕುರಿ ಕಾಯ್ತಾನ. ಸಂಜಿಗೆ ಹಟ್ಟಿ ಬಾಗಿಲದಾಗ ನಿಂತು ಒಂದೊಂದ ಕುರಿ ಒಳಗ ಬಿಡತಾನ. ಕಾಲ ನೋಡತಾನ, ಬಾಯಿ ನೋಡತಾನ, ಒಳಗ ಬಿಡತಾನ. ಮತ್ತ ಮುಂದಿಂದು. ಹೊರಗ ಒಂದೂ ಉಳೀಲಾರದಂಗ ಆದಾಗ ಮುಳ್ಳಿನ ಕಟ್ಟಿಗಿ ಎಳೀತಾನ." ಒಂದು ಕ್ಲಾಸಿನ ಮುಂದೆ ನಾನು ಆ ಮಾತನ್ನು ನಾನಾಗಿಯೇ ಹೇಳಿದ್ದು ಅದೇ ಮೊದಲು. ಯಾರೂ ಒದರಲಿಲ್ಲ. ಭಾರತಿ ಬಾಗಿಲು ಕಾಯಲು ನಿಂತಳು, ಉಳಿದವರು ಕುರಿಗಳಾದರು. ಹತ್ತು ಕುರಿ ಒಳಗೆ ಹೋದವು. ಹನ್ನೊಂದು ಹೋಗಬೇಕಿತ್ತು.

ಗುರುಬಾಯಿ ಬಂದಿರಲಿಲ್ಲ.

ಕರೆಂಟು ಬಂತು. ಹನ್ನೆರಡಾಯಿತು, ಅವಳಿಲ್ಲ. ಭಾರತಿ ಹಿಂದಿನ ರಾತ್ರಿ ಸಿಂದಗಿಯ ಸೋದರತ್ತೆಯ ಮನೆಯಲ್ಲಿ ಉಳಿದಿದ್ದಳು, ಹೀಗಾಗಿ ಅವಳಿಗೂ ಏನೂ ಗೊತ್ತಿಲ್ಲ. ನಾನು ಹೇಳಿಕೊಡುತ್ತಿದ್ದೆನೇ ಹೊರತು ಕಿವಿ ಮೆಟ್ಟಿಲ ಕಡೆ. ಮುಕ್ಕಾಲಕ್ಕೆ ಮೇನ್ ಇಳಿಯಿತು. ಹುಡುಗಿಯರು ಹೊಸ್ತಿಲ ಹತ್ತಿರ ನೆರೆದರು. ಮಾಲಕರು ಹಾಜರಿ ಪುಸ್ತಕ ತೆರೆದು ಪೆನ್ನಿನ ಟೊಪ್ಪಿಗೆ ತೆಗೆದರು. ಅಷ್ಟರಲ್ಲಿ ಕೆಳಗೆ ಟ್ರ್ಯಾಕ್ಟರ್ ನಿಂತ ಸದ್ದು, ಮೆಟ್ಟಿಲ ಮೇಲೆ ಓಡುವ ಕಾಲು.

ಗುರುಬಾಯಿಯ ಕೂದಲ ತುಂಬ ಕಬ್ಬಿನ ಒಣ ಎಲೆಯ ರವದಿ. ಮೊಣಕೈ ತರಚಿತ್ತು.

"ಬಸ್ ನಮ್ಮೂರ ಹೊರಗ ಹಾದ್ಯಾಗನ ಕೆಟ್ಟ ನಿಂತಿತ್ರಿ. ನಮ್ಮತ್ತಿ ರಸ್ತಾದಾಗ ಅಡ್ಡ ನಿಂತ ಕಬ್ಬಿನ ಟ್ರ್ಯಾಕ್ಟರ್ ನಿಂದರಿಸಿದ್ರು. ಅದರ ಮ್ಯಾಲ ಕುಂತ ಬಂದೆ."

ಮಾಲಕರು ಗಡಿಯಾರ ನೋಡಿದರು. "ತಂಗಿ, ನನ್ನ ಮ್ಯಾಲ ಸಿಟ್ಟಾಗಬ್ಯಾಡ. ಕಡಿಮಿ ಅಂದ್ರ ಒಂದ ತಾಸ ಕ್ಲಾಸಿನ್ಯಾಗ ಕುಂತವರಿಗೆ ಹಾಜರಿ. ಬಿಜಾಪುರದವರು ಪುಸ್ತಕ ನೋಡತಾರ. ಈಗ ಕ್ಲಾಸ ಮುಗೀತು."

ಗುರುಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಳಲಿಲ್ಲ. ನನ್ನ ಕಡೆ ನೋಡಿದಳು. ಆ ಹನ್ನೆರಡರಲ್ಲಿ ಒಂಬತ್ತು ದಿನ ನನ್ನವು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

"ಮಾಲಕರ, ಕ್ಲಾಸ ಎಲ್ಲಿ ಮುಗದೈತ್ರಿ?" ಅಂದೆ. "ಇವರಿನ್ನೂ ಹೊಸ್ತಿಲಾ ದಾಟಿಲ್ಲ."

"ಹತ್ತ ನಿಮಿಷದಾಗ ದಾಟ್ತಾರ. ಒಂದ ತಾಸ ಎಲ್ಲಿಂದ ತರ್ತೀರಿ?"

ಭಾರತಿ ಆಗಲೇ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದಳು. ಅದನ್ನು ಬಿಚ್ಚಿ ಒಳಗೆ ಬಂದಳು. "ನನಗ ತಿಳೀಲಾರದ್ದ ಒಂದಲ್ರಿ ಅಕ್ಕೋರ, ಭಾಳ ಅದಾವ. ಫಾರ್ ಅಂತ ಬರದ ನೆಕ್ಸ್ಟ್ ಬರೀಲಾರದಿದ್ರ ಏನಾಗತೈತಿ?"

"ನನಗೂ" ಅಂದಳು ಶೈಲಾ. "ಲೂಪಿನ ಒಳಗ ಇನ್ನೊಂದ ಲೂಪ್ ಇಟ್ರ? ಹಟ್ಟ್ಯಾಗ ಹಟ್ಟಿ?"

ಒಬ್ಬೊಬ್ಬರೇ ಮರಳಿ ಬಂದು ಕೂತರು. ನಾನು ಸುಣ್ಣದ ಕಡ್ಡಿಯನ್ನು ಗುರುಬಾಯಿಯ ಕೈಗೆ ಕೊಟ್ಟೆ. ಬೆಳಗಿನ ಹಟ್ಟಿಯ ಕತೆಯನ್ನು ಹುಡುಗಿಯರೇ ಅವಳಿಗೆ ಹೇಳಿದರು. ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅವರು ಕೇಳುತ್ತಲೇ ಹೋದರು. ಒಂದಾಯಿತು, ಒಂದೂಕಾಲಾಯಿತು. ಕೆಳಗೆ ಗಾಣ ಊಟಕ್ಕೆ ನಿಂತಿತು. ಮಾಲಕರು ಬುತ್ತಿ ಡಬ್ಬಿಯನ್ನು ಒಮ್ಮೆ, ಗಡಿಯಾರವನ್ನು ಒಮ್ಮೆ ನೋಡುತ್ತ ಕೂತಿದ್ದರು. ಒಂದೂವರೆಗೆ ತಡೆಯಲಾರದೆ, "ಅಲ್ರಿ, ಆ ನಾಕನೇ ಸಾಲಿನ್ಯಾಗ ನೆಕ್ಸ್ಟ್ ಬಿಟ್ಟೈತಲ್ರಿ" ಅಂದರು. ಎಲ್ಲರೂ ತಿರುಗಿ ನೋಡಿದೆವು. ನಿಜವಾಗಿಯೂ ಬಿಟ್ಟುಹೋಗಿತ್ತು.

ಎರಡಕ್ಕೆ ಐದು ನಿಮಿಷ ಕಡಿಮೆ ಇದ್ದಾಗ ಅವರೇ ಪುಸ್ತಕ ಎಳೆದುಕೊಂಡು ಗುರುಬಾಯಿಯ ಹೆಸರಿನ ಮುಂದೆ ಹಾಜರಿ ಹಾಕಿದರು. "ಸಾಕು, ಉಣ್ಣಾಕ ಬಿಡ್ರಿ" ಅಂದರು.

ಫೆಬ್ರುವರಿಯಲ್ಲಿ ಬಿಜಾಪುರಕ್ಕೆ ಹನ್ನೆರಡೂ ಜನ ಹೋದೆವು ಎನ್ನುವುದು ಸರಿಯಲ್ಲ, ಹದಿಮೂರು ಜನ, ನನ್ನನ್ನೂ ಸೇರಿಸಿ. ಶೈಲಾ ಆ ಸಲ ನಪಾಸಾದಳು, ಮುಂದಿನ ಸಲ ಕಟ್ಟಿ ಪಾಸಾದಳು. ನನ್ನ ಹಾಗೆ. ಗುರುಬಾಯಿಯ ಸರ್ಟಿಫಿಕೇಟು ಯುಗಾದಿಗೆ ನಾಲ್ಕು ದಿನ ಮೊದಲು ಬಂತು. ಸೆಂಟರು ಒಂದೆರಡು ವರ್ಷ ನಡೆದು ಮುಚ್ಚಿತಂತೆ. ನಾನು ಜೂನ್ ಹೊತ್ತಿಗೆ ಇಂಡಿ ಊರಿನ ಒಂದು ಹೈಸ್ಕೂಲಿಗೆ ಗಣಿತ ಕಲಿಸಲು ಸೇರಿಕೊಂಡಿದ್ದೆ. ಮೊದಲ ಮಳೆ ಬಿದ್ದ ವಾರ ಅಲ್ಲಿಗೆ ಒಂದು ಅಂತರ್ದೇಶೀಯ ಪತ್ರ ಬಂತು. ಮೇಲೆ ಹೈಸ್ಕೂಲಿನ ಮೊಹರು, ಕೆಳಗೆ ಗುರುಬಾಯಿ, ಗುಮಾಸ್ತೆ ಎಂದು ಸಹಿ. ನಡುವೆ ಇಷ್ಟೇ ಇತ್ತು:

"ಅಕ್ಕೋರಿಗೆ ಶರಣು. ನಮ್ಮ ಸಾಲಿಗೆ ಕಂಪ್ಯೂಟರ್ ಬಂದು ಹದಿನೈದು ದಿನ ಆತು. ಹೆಡ್‌ಮಾಸ್ತರು ದಿನಾ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗತಾರ. ಮುಟ್ಟಿದ್ರ ಕೆಟ್ಟೀತು ಅಂತ ಒಬ್ಬರೂ ಹತ್ತಿರ ಹೋಗಿರಲಿಲ್ಲ. ಇವತ್ತ ಎಲ್ಲಾ ಮಾಸ್ತರು ನಿಂತು ನೋಡಾಕತ್ತಿದ್ರು. ನಾ ಅರಿವಿ ತೆಗೆದು ಗುಂಡಿ ಒತ್ತಿದೆ. ಚಾಲೂ ಆತ್ರಿ."